ಮೊಳಕಾಲು ನೋವಿನ ಅತ್ತೆ, ಆರು ವರ್ಷದ ಮಗ: ಕಲಬುರಗಿಯ ಸುತ್ತ ಎಲ್ಲಿ ನಡೆಯಬಹುದು?

ಪ್ರಶ್ನೆ: ನಾವು ಕಲಬುರಗಿಯಲ್ಲಿರುವ ಐದು ಜನರ ಕುಟುಂಬ. ನಾವಿಬ್ಬರೂ ನೌಕರಿಯಲ್ಲಿದ್ದೇವೆ. ಹತ್ತು ವರ್ಷದ ಮಗಳು, ಆರು ವರ್ಷದ ಮಗ ಮತ್ತು ಅರವತ್ತೆರಡು ವರ್ಷದ ನಮ್ಮ ಅತ್ತೆಯವರು ಜೊತೆಗಿದ್ದಾರೆ. ಅತ್ತೆಯವರಿಗೆ ಮೊಳಕಾಲು ನೋವು ಅಷ್ಟಿಷ್ಟು ಇದ್ದರೂ ನಡೆಯುವ ಹುಮ್ಮಸ್ಸು ನಮಗಿಂತ ಹೆಚ್ಚು. ಚಾರಣವೆಂದರೆ ಎಲ್ಲರೂ ಕೊಡಗು, ಚಿಕ್ಕಮಗಳೂರಿನ ಹೆಸರು ಹೇಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿಯೇ ಭಾನುವಾರ ಹೋಗಿ ಸಂಜೆಗೆ ಮನೆ ಸೇರುವಂತಹ, ನೋಟವೂ ಚೆನ್ನಾಗಿರುವ ಸುಲಭದ ನಡಿಗೆಗಳಿವೆಯೇ? ಶಹಾಬಾದ್ ಕಡೆಯ ಹಳೆಯ ಕಲ್ಲುಗಣಿಗಳಲ್ಲಿ ನಿಂತಿರುವ ನೀಲಿ ನೀರನ್ನು ನೋಡಲು ಮಕ್ಕಳನ್ನು ಕರೆದೊಯ್ಯಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಹೌದು ಎಂದೇ. ಆದರೆ ಮಲೆನಾಡಿನ ಚಾರಣವನ್ನು ಅಳೆಯುವ ಕ್ರಮದಲ್ಲಿ ನಮ್ಮ ಕಡೆಯ ನಡಿಗೆಯನ್ನು ಅಳೆಯಲು ಬರುವುದಿಲ್ಲ. ಅಲ್ಲಿ ಎಷ್ಟು ಕಿಲೋಮೀಟರ್, ಎಷ್ಟು ಎತ್ತರ ಎಂದು ಕೇಳುತ್ತಾರೆ. ಇಲ್ಲಿ ಕೇಳಬೇಕಾದದ್ದು ಬಿಸಿಲು ಎಷ್ಟು ಹೊತ್ತಿಗೆ ಏರುತ್ತದೆ, ಕಾಲಡಿಯ ನೆಲ ಯಾವುದು ಎಂಬ ಎರಡು ಸಂಗತಿಗಳನ್ನು. ಎರಡು ಕಿಲೋಮೀಟರಿನ ಸಮತಟ್ಟು ದಾರಿಯು ಜನವರಿಯ ಬೆಳಗಿನಲ್ಲಿ ಆರು ವರ್ಷದ ಹುಡುಗನಿಗೂ ಆಟವಾಗಿರುತ್ತದೆ. ಅದೇ ದಾರಿ ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಗಟ್ಟಿಮುಟ್ಟಾದ ತರುಣನನ್ನೂ ಮಲಗಿಸಬಲ್ಲದು. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳುಗಳನ್ನು ನಿಮ್ಮ ಮುಖ್ಯ ಋತುವೆಂದು ಇಟ್ಟುಕೊಳ್ಳಿ. ಆಗಸ್ಟ್, ಸೆಪ್ಟೆಂಬರ್ ತಿಂಗಳ ಮೋಡದ ದಿನಗಳನ್ನು ಹಸಿರು ಮತ್ತು ನೀರು ನೋಡುವುದಕ್ಕೆ ಮೀಸಲಿಡಿ. ಮಾರ್ಚ್ ಮಧ್ಯದಿಂದ ಮೊದಲ ಮಳೆ ಬೀಳುವವರೆಗೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಬಯಲಿಗೆ ಇಳಿಯಲೇಬೇಡಿ. ಯಾವ ತಿಂಗಳಾದರೂ ಹತ್ತು, ಹತ್ತೂವರೆಯೊಳಗೆ ನೆರಳಿಗೋ ವಾಹನಕ್ಕೋ ಮರಳಿರಬೇಕು.

ದೂರದ ಅಂದಾಜಿಗೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವಿದು: ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಎಂದರೆ 100 ಮೀಟರ್ ಏರಿಗೆ ಹತ್ತು ನಿಮಿಷ ಹೆಚ್ಚು. ಇದು ನಡೆದು ಪಳಗಿದ ಆರೋಗ್ಯವಂತರ ಲೆಕ್ಕ. ನಿಮ್ಮಂತಹ ಕುಟುಂಬವು ಇದನ್ನು ಎರಡರಿಂದ ಗುಣಿಸಿ, ಮಕ್ಕಳು ಕಲ್ಲು ಆರಿಸುವುದಕ್ಕೆಂದು ಮತ್ತೊಂದು ಅರ್ಧ ಗಂಟೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಹೋಗಿ ಬರುವುದೆಲ್ಲ ಸೇರಿ ಮೂರು ಕಿಲೋಮೀಟರ್, ಏರು ನೂರು ಮೀಟರ್, ಇದಕ್ಕಿಂತ ಹೆಚ್ಚಿನದನ್ನು ಮೊದಲ ವರ್ಷ ಆಸೆಪಡಬೇಡಿ.

ಇನ್ನು ನೆಲದ ಮಾತು. ಈ ಮೂರು ಜಿಲ್ಲೆಗಳಲ್ಲಿ ಸ್ವಲ್ಪ ದೂರ ಹೋದಂತೆಲ್ಲ ಕಾಲಡಿಯ ಕಲ್ಲು ಬದಲಾಗುತ್ತದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಕಲಬುರಗಿ, ಆಳಂದದ ಕಡೆಯದು ಕಪ್ಪು ಅಗ್ನಿಶಿಲೆ ಮತ್ತು ಅದರಿಂದಾದ ಎರೆಭೂಮಿ. ಶಹಾಬಾದ್, ಸೇಡಂ ಸುತ್ತ ಸುಣ್ಣದ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಫರ್ಸಿ ಅದೇ. ಯಾದಗಿರಿ, ಶಹಾಪುರ, ಸುರಪುರದ ಗುಡ್ಡಗಳೆಲ್ಲ ಗ್ರಾನೈಟ್. ಜಂಬಿಟ್ಟಿಗೆಯಲ್ಲಿ ಮಳೆನೀರು ಬೇಗ ಇಂಗುವುದರಿಂದ ದಾರಿ ಬೇಗ ಒಣಗುತ್ತದೆ. ಗ್ರಾನೈಟ್ ಒಣಗಿದ್ದಾಗ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಒದ್ದೆಯಾದಾಗ ಮೋಸ ಮಾಡುತ್ತದೆ. ಎರೆಭೂಮಿಯಂತೂ ಒಂದು ಹದ ಮಳೆ ಬಿದ್ದ ಮೇಲೆ ನಡೆಯುವ ನೆಲವಲ್ಲ: ಹತ್ತು ಹೆಜ್ಜೆಗೆ ಬೂಟಿನ ಅಡಿಯಲ್ಲಿ ಎರಡು ಬೆರಳು ದಪ್ಪ ಮೆತ್ತಿಕೊಳ್ಳುತ್ತದೆ, ಇಪ್ಪತ್ತು ಹೆಜ್ಜೆಗೆ ಮಗು ಬೂಟನ್ನು ಅಲ್ಲಿಯೇ ಬಿಟ್ಟು ಕಾಲನ್ನು ಮಾತ್ರ ಎತ್ತುತ್ತದೆ. ಮಳೆಗಾಲದಲ್ಲಿ ಹೊಲದ ಬದುವಿನ ದಾರಿಯನ್ನು ಕೈಬಿಟ್ಟು ಬೀದರ್ ಕಡೆಗೆ ತಿರುಗಿಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಈ ಕಾರಣಕ್ಕೆ.

ನಿಮಗೆ ನಾನು ಮೊದಲು ಸೂಚಿಸುವುದೂ ಬೀದರನ್ನೇ. ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಬೆಳಗಿನ ತಂಪು ಇನ್ನೊಂದು ಗಂಟೆ ಹೆಚ್ಚು ಉಳಿಯುತ್ತದೆ. ನೀವು ಐದೂವರೆಗೆ ಮನೆ ಬಿಟ್ಟು ಎಂಟಕ್ಕೆ ನಡಿಗೆ ಶುರುಮಾಡಿದರೂ ನಡೆಯುತ್ತದೆ. ಊರಿನ ಪೂರ್ವಕ್ಕೆ ಪ್ರಸ್ಥಭೂಮಿಯಿಂದ ತಗ್ಗಿಗೆ ಇಳಿದರೆ ಅಷ್ಟೂರು ಸಿಗುತ್ತದೆ. ದಾರಿಯಲ್ಲಿ ಕಣ್ತಪ್ಪಲಾರದಷ್ಟು ದೊಡ್ಡದಾಗಿ ನಿಂತಿರುವ ಎಂಟು ಮೂಲೆಯ ಚೌಖಂಡಿ, ಎಂದರೆ ಹಜರತ್ ಖಲೀಲುಲ್ಲಾ ಅವರ ಸಮಾಧಿ, ನಿಮ್ಮ ಆರಂಭದ ಗುರುತಾಗಲಿ. ವಾಹನವನ್ನು ಅಲ್ಲಿ ಬಿಟ್ಟು ಹೊಲಗಳ ನಡುವಿನ ರಸ್ತೆಯಲ್ಲಿ ನಡೆದರೆ ಮಕ್ಕಳ ಹೆಜ್ಜೆಗೂ ಅರ್ಧ ಗಂಟೆಯೊಳಗೆ ಬಹಮನಿ ಸುಲ್ತಾನರ ಗೋರಿಗಳ ಸಾಲು ಎದುರಾಗುತ್ತದೆ. ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಚಳಿಗಾಲದ ಮಂಜು ತೊಗರಿಯ ಮೇಲೆ ಇನ್ನೂ ನಿಂತಿರುವಾಗ ಗುಂಬಜ್‌ಗಳು ಒಂದರ ಹಿಂದೊಂದು ತೋರುವ ಆ ನೋಟಕ್ಕೆ ಸಮನಾದದ್ದು ಈ ಭಾಗದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಅಲ್ಲಿ ಅವಸರ ಮಾಡಬೇಡಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆ ಮತ್ತು ಚಾವಣಿಯ ಮೇಲೆ ಬಣ್ಣ ಹಾಗೂ ಬಂಗಾರದಲ್ಲಿ ಬರೆದ ಬಳ್ಳಿಗಳೂ ಅಕ್ಷರಗಳೂ ಇಂದಿಗೂ ಉಳಿದಿವೆ. ಒಳಗೆ ಕತ್ತಲೆಯಿರುವುದರಿಂದ ಬಾಗಿಲಲ್ಲಿ ಒಂದೆರಡು ನಿಮಿಷ ನಿಂತು ಕಣ್ಣು ಹೊಂದಿಕೊಂಡ ಮೇಲೆ ತಲೆಯೆತ್ತುವಂತೆ ಮಕ್ಕಳಿಗೆ ಹೇಳಿ; ಕ್ಯಾಮೆರಾದ ಫ್ಲ್ಯಾಷ್ ಬೇಡ. ಈ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮ ಪ್ರಭುವೆಂದು ಕಂಡು ನಡೆದುಕೊಳ್ಳುತ್ತ ಬಂದಿದ್ದಾರೆ, ಇಲ್ಲಿನ ಉರುಸಿಗೆ ಎರಡೂ ಸಮುದಾಯದವರು ಸೇರುತ್ತಾರೆ. ಅತ್ತೆಯವರಿಗೆ ಇದು ಕೇಳಿ ತಿಳಿದ ಸಂಗತಿಯೇ ಆಗಿರಬಹುದು. ಮಕ್ಕಳಿಗೆ ಹೆಚ್ಚು ಹಿಡಿಸುವುದು ಹುಮಾಯೂನ್ ಷಾನ ಒಡೆದ ಗೋರಿ. ಸಿಡಿಲು ಬಡಿದು ಸೀಳಿತೆಂದು ಹೇಳುವ ಆ ಗುಂಬಜಿನ ಉಳಿದ ಭಾಗದಲ್ಲಿ ಗೋಡೆಯ ದಪ್ಪ, ಅದು ಮೇಲೆ ಹೋದಂತೆ ಬಾಗುವ ಬಗೆ ಎಲ್ಲವೂ ಬಿಚ್ಚಿಟ್ಟಂತೆ ಕಾಣುತ್ತದೆ.

ಬೀದರ್ ಕೋಟೆಯನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ, ಒಂದೇ ದಿನ ಎರಡನ್ನೂ ತುರುಕಬೇಡಿ. ಅದರ ದಕ್ಷಿಣದ ಕಡೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವಿದೆ. ಸಾಲುಗಳ ನಡುವಿನ ಗೋಡೆ ಕಟ್ಟಿದ್ದಲ್ಲ, ಕಡಿಯದೆ ಬಿಟ್ಟ ಬಂಡೆ. ಅಲ್ಲಿ ಜಂಬಿಟ್ಟಿಗೆಯನ್ನು ಹತ್ತಿರದಿಂದ ನೋಡುವಂತೆ ಮಕ್ಕಳಿಗೆ ಹೇಳಿ: ಬೆರಳು ತೂರುವಷ್ಟು ತೂತುಗಳು, ತೂತಿನ ಒಳಗೆ ಹಳದಿ ಮಣ್ಣು, ಅಂಚಿನಲ್ಲಿ ತುಕ್ಕಿನ ಕೆಂಪು, ಅಂಗೈ ಒತ್ತಿ ತೆಗೆದರೆ ಗೆರೆಗಳಲ್ಲೆಲ್ಲ ಕುಂಕುಮದಂತಹ ಪುಡಿ. ನೆಲದಲ್ಲಿರುವಾಗ ಕಡಿಯಲು ಮೆತ್ತಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣವಾದ್ದರಿಂದಲೇ ಇಂತಹ ಕಂದಕ ಸಾಧ್ಯವಾಯಿತು. ಬೀದರಿನ ಊಟೆಗಳಿಗೂ ಇದೇ ಕಾರಣ. ತೂತುಗಳ ಮೂಲಕ ಇಂಗಿದ ಮಳೆನೀರು ಕೆಳಗಿನ ಕಪ್ಪು ಶಿಲೆಯನ್ನು ಮುಟ್ಟಿ, ಇನ್ನೂ ಇಳಿಯಲಾರದೆ, ಪ್ರಸ್ಥಭೂಮಿಯ ಅಂಚಿನಲ್ಲಿ ಹೊರಬರುತ್ತದೆ. ಪಾಪನಾಶ, ನಾನಕ್ ಝೀರಾ, ಝರಣಿ ನರಸಿಂಹ ಎಲ್ಲವೂ ಅಂತಹ ನೀರೇ. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಈ ನೀರನ್ನು ನೆಲದಡಿಯಲ್ಲಿಯೇ ಹರಿಸಿ ತಂದ ಬಹಮನಿ ಕಾಲದ ಏರ್ಪಾಡು; ಅದರ ಗಾಳಿಬಾವಿಗಳ ಜಾಡು ಹಿಡಿದು ಮೇಲೆ ನಡೆಯುವುದು ಹತ್ತು ವರ್ಷದ ಹುಡುಗಿಗೆ ಪತ್ತೇದಾರಿ ಆಟವಾದೀತು. ಬಾವಿಗಳ ಬಾಯಿಯ ಬಳಿ ಮಾತ್ರ ಮಗನ ಕೈ ಬಿಡಬೇಡಿ. ಝರಣಿ ನರಸಿಂಹನ ಗುಹೆಯಲ್ಲಿ ದೊಡ್ಡವರ ಸೊಂಟ ಮೀರಿದ ನೀರಿನಲ್ಲಿ ಸಾಗಬೇಕಾಗುವುದರಿಂದ ಅದು ನಿಮ್ಮ ಮಗನಿಗೂ ಅತ್ತೆಯವರಿಗೂ ಅಲ್ಲ.

ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಎದುರಿನ ಲಾಲ್ ಬಾಗ್ ಹುಲ್ಲುಹಾಸು ಅತ್ತೆಯವರು ಕುಳಿತು ಸುಧಾರಿಸಿಕೊಳ್ಳಲು ಯೋಗ್ಯ. ಉಳಿದವರು ಅರಮನೆಗಳ ಅವಶೇಷಗಳನ್ನು ಬಳಸಿ ಉತ್ತರದ ಅಂಚಿನವರೆಗೆ ಹೋಗಿ ಬನ್ನಿ. ಅಲ್ಲಿ ನೆಲ ಕಡಿದಾಗಿ ಇಳಿದು ಕೆಳಗೆ ಹೊಲಗಳ ಬಯಲು ಹರಡಿಕೊಳ್ಳುತ್ತದೆ. ಅಂಚಿನ ಗೋಡೆಗಳು ಹಲವೆಡೆ ಸಡಿಲವಾಗಿರುವುದರಿಂದ ಅವುಗಳ ಮೇಲೆ ನಿಲ್ಲಿಸಿ ಫೋಟೊ ತೆಗೆಯುವ ಚಪಲವನ್ನು ಅದುಮಿಕೊಳ್ಳಿ.

ಕಾಡನ್ನು ನೋಡಬೇಕೆಂದರೆ ಚಿಂಚೋಳಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, 134 ಚದರ ಕಿಲೋಮೀಟರಿನಷ್ಟು ವಿಸ್ತಾರದ ಈ ಒಣ ಎಲೆಯುದುರುವ ಕಾಡು ನಮ್ಮ ಜಿಲ್ಲೆಯಲ್ಲಿದೆಯೆಂಬುದೇ ಕಲಬುರಗಿಯ ಎಷ್ಟೋ ಜನರಿಗೆ ಗೊತ್ತಿಲ್ಲ. ನಿಮ್ಮ ಕುಟುಂಬಕ್ಕೆ ತಕ್ಕ ಜಾಗ ಚಂದ್ರಂಪಳ್ಳಿ ಜಲಾಶಯ. ಕಾಡಿನ ಗುಡ್ಡಗಳು ನೀರಿನ ಸುತ್ತ ನಿಂತಿವೆ. ದಂಡೆಗುಂಟ ನಡೆದು, ಪಕ್ಕದ ದಿಬ್ಬವನ್ನು ಏರಿದರೆ ಜಲಾಶಯದ ಬಹುಭಾಗ ಕಣ್ಣಿಗೆ ಬೀಳುತ್ತದೆ. ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರಿನಲ್ಲಿ ಎಲೆಯೂ ಇರುತ್ತದೆ, ನೀರೂ ಇರುತ್ತದೆ. ಫೆಬ್ರವರಿಯಲ್ಲಿ ಎಲೆ ಉದುರಿ ಕಾಡು ಬೋಳಾದರೂ ಮುತ್ತುಗ ಹೂಬಿಡುವುದನ್ನು ನೋಡಲೆಂದೇ ಮತ್ತೊಮ್ಮೆ ಹೋಗಬಹುದು. ಸಾಗುವಾನಿ, ಶ್ರೀಗಂಧ, ರಕ್ತಚಂದನದ ಮರಗಳನ್ನು ಗುರುತಿಸಲು ಅರಣ್ಯ ಸಿಬ್ಬಂದಿಯನ್ನೋ ಸುತ್ತಲಿನ ತಾಂಡಾಗಳ ಲಂಬಾಣಿ ಹಿರಿಯರನ್ನೋ ಕೇಳಿ. ವನ್ಯಜೀವಿಧಾಮವಾದ್ದರಿಂದ ಕಾಡಿನೊಳಗಿನ ಯಾವುದೇ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿಂಚೋಳಿಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡೇ ಹೊರಡಿ. ತೋಳ, ಕತ್ತೆಕಿರುಬಗಳು ಇಲ್ಲಿವೆ, ಹಗಲಿನಲ್ಲಿ ಅವು ಮನುಷ್ಯರ ಸದ್ದಿಗೆ ದೂರ ಸರಿಯುತ್ತವೆ. ಸಂಜೆಯವರೆಗೆ ಕಾಡಿನಲ್ಲಿ ಉಳಿಯುವ ಅಗತ್ಯ ನಿಮಗಿಲ್ಲ.

ಏರುವ ಸಂತೋಷವೇ ಬೇಕೆಂದರೆ ಯಾದಗಿರಿ ಕೋಟೆ. ಊರಿನ ನಡುವೆಯೇ ಎದ್ದಿರುವ, ಸುಮಾರು 100 ಮೀಟರ್ ಎತ್ತರದ ಬಂಡೆಯ ಗುಡ್ಡದ ಮೇಲೆ ಕಲ್ಯಾಣ ಚಾಲುಕ್ಯರಿಂದ ಮೊದಲ್ಗೊಂಡು ಆದಿಲ್‌ಶಾಹಿಗಳವರೆಗೆ ಒಬ್ಬೊಬ್ಬರೂ ಸೇರಿಸುತ್ತ ಹೋದ ಕೋಟೆಯಿದು. ಮುಂಬೈ-ಚೆನ್ನೈ ರೈಲುಮಾರ್ಗದಲ್ಲಿರುವುದರಿಂದ ವಾಡಿ ದಾಟಿ ರೈಲಿನಲ್ಲಿಯೇ ಹೋಗಬಹುದು, ನಿಲ್ದಾಣದಿಂದ ಆಟೋ ಸಾಕು. ಮೇಲೆ ತಿಳಿಸಿದ ಲೆಕ್ಕದಲ್ಲಿ ನಿಮಗೆ ಹತ್ತಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿದೀತು. ದಾರಿಯಲ್ಲಿ ಬಾಗಿಲುಗಳು ಒಂದಾದ ಮೇಲೊಂದು ಬರುತ್ತವೆ, ಪ್ರತಿಯೊಂದರ ಕಮಾನಿನಡಿಯಲ್ಲಿಯೂ ಒಂದಿಷ್ಟು ನೆರಳುಂಟು. ಒಂದೊಂದರಲ್ಲಿಯೂ ಕುಳಿತೇ ಮುಂದೆ ಹೋಗುವುದೆಂದು ಮೊದಲೇ ನಿರ್ಧರಿಸಿದರೆ ಯಾರೂ ಸೋಲುವುದಿಲ್ಲ. ಮೇಲೆ ತೋಪುಗಳು, ಬಂಡೆಯಲ್ಲಿ ಕಡಿದ ನೀರಿನ ಹೊಂಡಗಳು, ಗುಡಿ, ಮಸೀದಿಗಳಿವೆ. ಊರು, ಕೆರೆ, ದೂರದ ಭೀಮೆಯ ಕಡೆಯ ಹಸಿರುಪಟ್ಟಿ ಒಟ್ಟಿಗೆ ಕಾಣುತ್ತವೆ.

ಅತ್ತೆಯವರ ಬಗ್ಗೆ ಇಲ್ಲಿ ಒಂದು ಮಾತು. ಮೊಳಕಾಲು ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ, ಏಕೆಂದರೆ ಪ್ರತಿ ಮೆಟ್ಟಿಲಿನಲ್ಲೂ ಮೈಭಾರವನ್ನು ಬಗ್ಗಿದ ಮೊಳಕಾಲೇ ತಡೆಹಿಡಿಯಬೇಕಾಗುತ್ತದೆ. ಹತ್ತುವಾಗ ಸಲೀಸಾಗಿದೆಯಲ್ಲ ಎಂದು ತುದಿಯವರೆಗೆ ಹೋದವರು ಅರ್ಧ ಇಳಿಯುವಷ್ಟರಲ್ಲಿ ಕುಳಿತುಬಿಡುವುದನ್ನು ನಾನು ಆಗಾಗ ಕಂಡಿದ್ದೇನೆ. ಆದುದರಿಂದ ಅವರು ಎರಡನೆಯ ಬಾಗಿಲಿನವರೆಗೆ ಬರಲಿ. ಮರುದಿನ ನೋವು ಹೆಚ್ಚದಿದ್ದರೆ ಮುಂದಿನ ಸಲ ಇನ್ನೂ ಸ್ವಲ್ಪ ಮೇಲೆ. ಎದೆಯ ಮಟ್ಟದ ಒಂದು ಬಿದಿರಿನ ಕೋಲು ಕೈಯಲ್ಲಿರಲಿ. ಇಳಿಯುವಾಗ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ನೋವಿರುವ ಕಾಲನ್ನು ಮುಂದಿಟ್ಟು, ಗಟ್ಟಿ ಕಾಲನ್ನು ಅದರ ಜೊತೆಗೆ ತರಬೇಕು. ಹತ್ತುವಾಗ ಇದಕ್ಕೆ ತಿರುವುಮುರುವು.

ಶಹಾಪುರದ ಮಲಗಿದ ಬುದ್ಧನ ಗುಡ್ಡವನ್ನು ನೋಡಲು ಹತ್ತಬೇಕಾಗಿಯೇ ಇಲ್ಲ. ನಾಲ್ಕು ಗುಡ್ಡಗಳ ಅಂಚು ಸೇರಿ ಮಲಗಿದ ಆಕೃತಿಯಾಗಿ ಕಾಣುವುದು ದೂರದ ರಸ್ತೆಯಿಂದ. ಹತ್ತಿದವರಿಗೆ ಸಿಗುವುದು ಬಂಡೆಗಳು ಮಾತ್ರ. ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ಸಾಲುಸಾಲಾಗಿ ಇಟ್ಟ ಗುಂಡುಕಲ್ಲುಗಳಿರುವ ಬಯಲಿದೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಭಾಗದ ಇಂತಹ ನೆಲೆಗಳನ್ನು ದಾಖಲಿಸಿದ್ದನು. ನಡಿಗೆ ಕಾಲು ಗಂಟೆಯದು, ಅಷ್ಟೇ. ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಏರಿ ಚಳಿಗಾಲದಲ್ಲಿ ಪಕ್ಷಿ ನೋಡುವವರಿಗೆ ತಕ್ಕುದು. ಒಂದು ದುರ್ಬೀನು ಇದ್ದರೆ ಅತ್ತೆಯವರೂ ಸೇರಿ ಎಲ್ಲರಿಗೂ ಒಂದು ಬೆಳಗು ಸಾಲುವುದಿಲ್ಲ.

ಸನ್ನತಿಗೆ ದೇವಿಯ ದರ್ಶನಕ್ಕೆಂದು ನೀವು ಹೋಗಿಯೇ ಇರುತ್ತೀರಿ. ಮುಂದಿನ ಬಾರಿ ಚಂದ್ರಲಾಂಬೆಯ ಗುಡಿಯಿಂದ ಭೀಮೆಯ ದಂಡೆಯವರೆಗೆ ನಡೆದು, ಕನಗನಹಳ್ಳಿಯ ಬೌದ್ಧ ಸ್ತೂಪದ ನೆಲೆಯನ್ನೂ ಸೇರಿಸಿಕೊಳ್ಳಿ. ಅಶೋಕ ಚಕ್ರವರ್ತಿಯ ಚಿತ್ರವನ್ನು ಕಡೆದು ಹೆಸರನ್ನೂ ಬರೆದಿರುವ ಫಲಕ ಸಿಕ್ಕಿದ್ದು ಅಲ್ಲಿಯೇ ಎಂದರೆ ಮಗಳ ಪಾಠಪುಸ್ತಕಕ್ಕೆ ಜೀವ ಬಂದೀತು.

ಜಲಪಾತಗಳನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಚಿಂಚೋಳಿ ಕಾಡಿನ ಎತ್ತಿಪೋತ, ಗುರುಮಠಕಲ್ ಕಡೆಯ ನಜರಾಪುರದ ದಬದಬಿ, ಚಿಂತನಹಳ್ಳಿಯ ಗವಿ ಸಿದ್ಧಲಿಂಗೇಶ್ವರದ ಬಳಿಯ ನೀರು, ಇವೆಲ್ಲವೂ ಮಳೆಯನ್ನೇ ನಂಬಿರುವಂಥವು. ಆಗಸ್ಟ್, ಸೆಪ್ಟೆಂಬರಿನಲ್ಲಿ ಚೆಂದ, ಡಿಸೆಂಬರಿನ ಹೊತ್ತಿಗೆ ಬಂಡೆ. ಇವುಗಳಲ್ಲಿ ಗವಿಯ ಮುಂದೆಯೇ ನೀರು ಬೀಳುವ ಚಿಂತನಹಳ್ಳಿಯನ್ನು ಕುಟುಂಬದವರಿಗೆ ಹೆಚ್ಚು ಒಪ್ಪುವುದೆಂದು ನಾನು ಹೇಳುತ್ತೇನೆ. ಮೇಲೆ ಎಲ್ಲಿಯೋ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ಹಳ್ಳವನ್ನು ಏರಿಸಬಲ್ಲದು. ತಿಳಿಯಾಗಿದ್ದ ನೀರು ಕೆಂಪಾಯಿತೆಂದರೆ, ಕಡ್ಡಿ-ತರಗೆಲೆ ತೇಲಿಬರತೊಡಗಿತೆಂದರೆ, ಸಾಮಾನು ಬಿಟ್ಟಾದರೂ ಮೇಲಿನ ದಂಡೆಗೆ ಹತ್ತಿಬಿಡಬೇಕು. ಪಾಚಿ ಹಿಡಿದ ಬಂಡೆಯ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ.

ಒಯ್ಯಬೇಕಾದ ಸಾಮಾನು ಹೆಚ್ಚೇನಿಲ್ಲ. ನಡೆಯುವ ಪ್ರತಿ ಗಂಟೆಗೆ ದೊಡ್ಡವರಿಗೆ ಅರ್ಧ ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ, ತಲೆಗೆ ಟೊಪ್ಪಿಗೆಯೋ ಒದ್ದೆ ಮಾಡಿದ ಟವೆಲ್ಲೋ ಇದ್ದರೆ ಸಾಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನು ಮೀರಿದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಳೆಯ ಕೋಟೆಗಳ ಕಮಾನುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಒಳಹೋಗುವ ಮೊದಲು ಮೇಲೆ ನೋಡುವುದು, ಕೂಗದಿರುವುದು, ಅತ್ತರು ಹಚ್ಚಿಕೊಳ್ಳದಿರುವುದು ಒಳ್ಳೆಯದು. ಎದ್ದವೆಂದರೆ ಮುಖ ಮುಚ್ಚಿಕೊಂಡು ಓಡಬೇಕೇ ಹೊರತು ಕೈಬೀಸಬಾರದು. ಕಲ್ಲಿನ ಸಂದಿಗೆ ಕೈಹಾಕದಂತೆ ಮಕ್ಕಳಿಗೆ ಹೇಳಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ.

ಇನ್ನು ಕಲ್ಲುಗಣಿಗಳ ನೀಲಿ ನೀರು. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಶಹಾಬಾದಿ ಕಲ್ಲು ಹಾಳೆಹಾಳೆಯಾಗಿ ಅಡ್ಡಡ್ಡ ಮಲಗಿರುವುದರಿಂದ ಅದನ್ನು ತೆಗೆದ ಹೊಂಡದ ಗೋಡೆ ನೆಟ್ಟಗೆ ಇಳಿದಿರುತ್ತದೆ. ಕೆರೆಯಂತೆ ದಡದಿಂದ ಮೆಲ್ಲಗೆ ಆಳವಾಗುವುದಿಲ್ಲ, ಮೊದಲ ಹೆಜ್ಜೆಗೇ ತಳವಿಲ್ಲ. ಅಂಚಿನಲ್ಲಿ ಬಿಟ್ಟುಹೋದ ಫರ್ಸಿ ತುಂಡುಗಳು ಒಂದರ ಮೇಲೊಂದು ಜಾರುತ್ತವೆ, ಬಿದ್ದವರಿಗೆ ಹಿಡಿದು ಮೇಲೆ ಬರಲು ಒಂದು ಬೇರೂ ಇರುವುದಿಲ್ಲ. ಈಜು ಬಲ್ಲವರಿಗೂ ಅದು ಬಾವಿಗಿಂತ ಕೆಟ್ಟದ್ದು. ಆ ಕಲ್ಲನ್ನೇ ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಮಳಖೇಡಕ್ಕೆ ಹೋಗಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನ ಕೋಟೆಯ ಗೋಡೆಗಳಲ್ಲಿ ಅದೇ ಸುಣ್ಣಕಲ್ಲಿನ ಪದರಗಳನ್ನು ಕೈಯಿಂದ ಮುಟ್ಟಿ ನೋಡಬಹುದು, ಪಕ್ಕದಲ್ಲಿ ಕಾಗಿಣಾ ಹರಿಯುತ್ತದೆ, ಕಲಬುರಗಿಯಿಂದ ಒಂದು ಗಂಟೆಯ ದಾರಿ, ಒಟ್ಟು ನಡಿಗೆ ಒಂದು ಕಿಲೋಮೀಟರಿನ ಆಸುಪಾಸು. ಬೀದರಿಗೆ ಹೋಗುವ ಮೊದಲು ಅತ್ತೆಯವರ ಮೊಳಕಾಲನ್ನೂ ಮಗನ ತಾಳ್ಮೆಯನ್ನೂ ಅಲ್ಲಿಯೇ ಒಮ್ಮೆ ಪರೀಕ್ಷಿಸಿಕೊಳ್ಳಬಹುದು.